ಕಬ್ಬಿಣದ ಪೈಪಿನ ಮೇಲೆ ಮೂರು ಬಡಿತ

ಹೈದರಾಬಾದಿನ ಮೆಹದಿಪಟ್ಟಣಂನ ನಮ್ಮ ಮನೆಯಲ್ಲಿ ಅಡಿಗೆಮನೆಯಿಂದ ಹಿತ್ತಲ ಬಚ್ಚಲವರೆಗೆ ಗೋಡೆ ಹಿಡಿದುಕೊಂಡು ಹೋಗುವ ಒಂದು ಕಬ್ಬಿಣದ ಪೈಪಿತ್ತು. ತುಕ್ಕು ಹಿಡಿದು, ಎರಡು ಕಡೆ ಹರಕು ಬಟ್ಟೆ ಸುತ್ತಿಸಿಕೊಂಡು, ಬೇಸಿಗೆ ಬಂತೆಂದರೆ ಕೆಂಪು ನೀರು ಕಾರುತ್ತಿತ್ತು. ಪ್ಲಂಬರ್ ಬಂದಾಗಲೆಲ್ಲ ಅದನ್ನು ನೋಡಿ ಹಣೆ ಚಚ್ಚಿಕೊಳ್ಳುತ್ತಿದ್ದ. "ಅಮ್ಮಾ, ಪೂರಾ ಜಂಗ್ ಖಾ ಗಯಾ. ಪ್ಲಾಸ್ಟಿಕ್ ಡಾಲ್ ದೇತೂಂ" ಎನ್ನುತ್ತಿದ್ದ. ನಾನೂ ಅವನ ಪರ. ಅವ್ವ ಮಾತ್ರ ಜಪ್ಪಯ್ಯ ಎಂದರೂ ಒಪ್ಪುತ್ತಿರಲಿಲ್ಲ. "ಪ್ಲಾಸ್ಟಿಕ್ ಸಪ್ಪಳ ಮಾಡಂಗಿಲ್ಲ" ಎಂದು ಹೇಳಿ, ಅವನಿಗೆ ಒಂದು ಕಪ್ ಚಹಾ ಕೊಟ್ಟು ಸಾಗಹಾಕುತ್ತಿದ್ದಳು. ಈಗ ಆ ಪೈಪು ಇಲ್ಲ. ತೆಗೆಸಿಬಿಡು ಎಂದು ಹೇಳಿದವಳು ಅವ್ವನೇ.

ಪೈಪಿನ ಸಪ್ಪಳ ನಮಗೆ ಬೇಕಾಗುತ್ತಿದ್ದದ್ದು ವರ್ಷಕ್ಕೆ ಒಂದೇ ದಿನ, ಮಹಾಲಯ ಅಮಾವಾಸ್ಯೆಯಂದು. ಎಲ್ಲರ ಮನೆಯಲ್ಲೂ ಅಂದು ಹಿರಿಯರಿಗೆ ಎಡೆ ಇಡುತ್ತಾರೆ. ನಮ್ಮ ಮನೆಯಲ್ಲಿ ಎಡೆ ಇಟ್ಟ ಮೇಲೆ ಇನ್ನೊಂದು ಕೆಲಸ ಇರುತ್ತಿತ್ತು. ಅವ್ವ ಬೆಳ್ಳುಳ್ಳಿ ಜಜ್ಜುವ ಕಲ್ಲುಗುಂಡನ್ನು ತೊಳೆದು ಕೈಗೆ ತೆಗೆದುಕೊಂಡು ಅಡಿಗೆಮನೆಯ ಪೈಪಿನ ಮೇಲೆ ಮೂರು ಸಲ ಬಡಿಯುತ್ತಿದ್ದಳು. ಸ್ವಲ್ಪ ಹೊತ್ತಿಗೆ ಬಚ್ಚಲ ಕಡೆಯಿಂದ ತಿರುಗಿ ಮೂರು ಬಡಿತ ಬರುತ್ತಿದ್ದವು. ಆಮೇಲೆಯೇ ಊಟ. ಚಿಕ್ಕವಳಿದ್ದಾಗ ನಾನು ಆ ಉತ್ತರ ಕೊಡುವವನು ಸತ್ತುಹೋದ ನನ್ನ ಮುತ್ಯಾನೇ ಎಂದು ನಂಬಿದ್ದೆ. ಒಂದು ವರ್ಷ ಓಡಿಹೋಗಿ ನೋಡಿದರೆ ಬಚ್ಚಲಲ್ಲಿ ಧೋತರ ಎತ್ತಿ ಕಟ್ಟಿಕೊಂಡು, ಕೈಯಲ್ಲಿ ದಪ್ಪನೆಯ ಹಳೇ ಬೀಗದ ಕೈ ಹಿಡಿದು ನಿಂತವರು ಕಾಕಾ. ನನಗೆ ಬೇಸರವೇನೂ ಆಗಲಿಲ್ಲ. ಕಾಕಾನ ಮೇಲೆ ನನಗೆ ಅಷ್ಟು ಪ್ರೀತಿ.

ಕಾಕಾ ನಮ್ಮ ರಕ್ತಸಂಬಂಧಿಯಲ್ಲ. ಅವ್ವನ ಅಪ್ಪನ, ಅಂದರೆ ನನ್ನ ಮುತ್ಯಾನ ಜೊತೆ ಗಣಿಯಲ್ಲಿ ಕೆಲಸ ಮಾಡಿದವರು. ಅವ್ವ ಕಾಕಾ ಎನ್ನುತ್ತಿದ್ದಳು, ಅದನ್ನೇ ಕೇಳಿ ನಾನೂ ಕಾಕಾ ಎಂದೆ, ನನ್ನ ಮಗನೂ ಹಾಗೆಯೇ ಅಂದ. ಗಣಿ ಇದ್ದದ್ದು ರಾಯಚೂರು ಸೀಮೆಯಲ್ಲಿ, ಆಗಿನ ನಿಜಾಮರ ರಾಜ್ಯದಲ್ಲಿ. ಬಿಳಿಯರ ಕಂಪನಿ ನಡೆಸುತ್ತಿದ್ದ ಚಿನ್ನದ ಗಣಿ. ಅದು ಮುಚ್ಚಿ ಎಷ್ಟೋ ಕಾಲವಾಯಿತು, ಹೆಸರು ಬೇಡ.

ಮುತ್ಯಾ ಆ ಗಣಿಯಲ್ಲಿ ಮರ ನಿಲ್ಲಿಸುವವನು. ಬಂಡೆ ಕೊರೆದು ಸುರಂಗ ಮಾಡುತ್ತ ಹೋದ ಹಾಗೆ ಮೇಲಿನ ಕಲ್ಲು ಕುಸಿಯದಂತೆ ದಪ್ಪ ದಿಮ್ಮಿಗಳ ಆಸರೆ ಕೊಡಬೇಕು. ಅದು ಅವನ ಕೆಲಸ. ಆ ದಿಮ್ಮಿಗಳಿಗೇ ಒಂದು ದಿನ ಬೆಂಕಿ ಹತ್ತಿತು. ಮುತ್ಯಾ ಬೆಂಕಿಯ ಆಚೆ ಬದಿಗೆ ಸಿಕ್ಕಿಬಿದ್ದ. ಜೊತೆಗೆ ಇನ್ನೂ ಕೆಲವರಿದ್ದರು. ಮುಂದಿನದನ್ನು ಕಾಕಾನ ಬಾಯಲ್ಲಿ ನಾನು ಎಷ್ಟು ಸಲ ಕೇಳಿದ್ದೇನೋ ಲೆಕ್ಕವಿಲ್ಲ. ಕೇಳಿ ಕೇಳಿ ಬಾಯಿಪಾಠವಾಗಿತ್ತು.

ಕೆಳಗೆ ಯಂತ್ರಗಳಿಗೆ ಗಾಳಿ ಒಯ್ಯುವ ಉದ್ದನೆಯ ಕಬ್ಬಿಣದ ಪೈಪುಗಳು ಇರುತ್ತಿದ್ದವಂತೆ. ಸಿಕ್ಕಿಬಿದ್ದವನು ಆ ಪೈಪಿನ ಮೇಲೆ ಮೂರು ಸಲ ಬಡಿಯಬೇಕು. ಹಾಗೆಂದರೆ 'ನಾನು ಇದ್ದೇನೆ.' ಈಚೆ ಕೇಳಿಸಿಕೊಂಡವನು ತಿರುಗಿ ಮೂರು ಸಲ ಬಡಿಯಬೇಕು. ಹಾಗೆಂದರೆ 'ಬರುತ್ತಿದ್ದೇವೆ.' ಮುತ್ಯಾ ಬಡಿದ. ಕಾಕಾ ಉತ್ತರ ಕೊಟ್ಟರು. ಪೈಪಿನಲ್ಲಿ ಗಾಳಿ ಬಿಡುತ್ತಲೇ ಇದ್ದರು. ಎರಡು ದಿನ ಎಡೆಬಿಡದೆ ಅಗೆದರು. ಇನ್ನೇನು ಮುಟ್ಟಬೇಕು ಎನ್ನುವಾಗ ಮೇಲಿನ ಬಂಡೆ ಕುಸಿಯಿತು. "ನಿಮ್ಮಪ್ಪ ಧೈರ್ಯದ್ಲೇ ಹ್ವಾದ ಮಗಳ. ನಾವು ಬರಾಕತ್ತೀವಿ ಅಂತ ಅವಗ ಗೊತ್ತಿತ್ತು" ಎಂದು ಕಾಕಾ ಹೇಳಿದಾಗ ಅವ್ವನಿಗೆ ಎಂಟೊಂಬತ್ತು ವರ್ಷವಿರಬೇಕು. ಆ ಒಂದು ಮಾತಿನ ಮೇಲೆ ಅವಳು ಜೀವಮಾನವನ್ನೇ ಕಟ್ಟಿಕೊಂಡಳು. ಅಪ್ಪ ಸತ್ತ ದುಃಖ ಇತ್ತು. ಆದರೆ ಅಪ್ಪನನ್ನು ಯಾರೂ ಕೈಬಿಡಲಿಲ್ಲ ಎಂಬ ಸಮಾಧಾನ ಅದಕ್ಕಿಂತ ದೊಡ್ಡದಾಗಿತ್ತು.

ನಾನು ಒಂದು ಸಲ ಹುಡುಗಾಟಕ್ಕೆ ಪೈಪು ಬಡಿದಿದ್ದೆ. ಆಗ ನಾವಿನ್ನೂ ಅಪ್ಪನ ಫ್ಯಾಕ್ಟರಿ ಕ್ವಾರ್ಟರ್ಸಿನಲ್ಲಿದ್ದೆವು, ಅಲ್ಲೂ ಕಬ್ಬಿಣದ ಪೈಪೇ ಇತ್ತು. ಅವ್ವ ಅತ್ತ ಬಡಿದಳು, ಕಾಕಾ ಬಚ್ಚಲಿಗೆ ಹೋಗುವಷ್ಟರಲ್ಲಿ ನಾನೇ ಚಮಚ ತೆಗೆದುಕೊಂಡು ಮೂರು ಸಲ ಬಡಿದುಬಿಟ್ಟೆ. ಯಾವತ್ತೂ ಗದರದ ಕಾಕಾ ಅಂದು ನನ್ನ ಕಿವಿ ಹಿಂಡಿದರು. "ಸುಮ್ ಸುಮ್ನ ಉತ್ತರ ಕೊಡಬಾರ್ದು. ಬರಾಂವ ಇದ್ರಷ್ಟ ಬಡೀಬೇಕು. ಬಡಿದ ಮ್ಯಾಲ ಹೋಗಲಿಕ್ಕೇ ಬೇಕು. ಅದು ಗಣಿ ನೇಮ" ಎಂದರು. ನಾನು ಅತ್ತೆ. ಅವ್ವ ನನ್ನನ್ನು ಸಮಾಧಾನ ಮಾಡಲಿಲ್ಲ, ಕಾಕಾ ಹೇಳಿದ್ದು ಸರಿ ಎಂದಳು.

ಅವ್ವ ಗಣಿಯ ಬಗ್ಗೆ ಮಾತಾಡಲು ಕೂತರೆ ಮುಖದ ಬಣ್ಣವೇ ಬದಲಾಗುತ್ತಿತ್ತು. ಬರೀ ಕಲ್ಲು, ಜಾಲಿ ಇದ್ದ ಬಯಲಿನಲ್ಲಿ ಕಂಪನಿ ಬಂದು ಊರೆಬ್ಬಿಸಿದ್ದು. ರೈಲು ನಿಲ್ದಾಣದಿಂದ ಎತ್ತುಗಳ ಸಾಲು ಕಟ್ಟಿ ಬಾಯ್ಲರುಗಳನ್ನು ಎಳೆದು ತಂದದ್ದು. ಕಡಪಾದಿಂದ, ಸೊಲ್ಲಾಪುರದಿಂದ, ಎಲ್ಲೆಲ್ಲಿಂದಲೋ ಕೂಲಿ ಹುಡುಕಿ ಜನ ಬಂದದ್ದು. ದಿಮ್ಮಿ ಮಾರುವವರು, ಇದ್ದಿಲು ಸುಡುವವರು, ಎಣ್ಣೆ ಅಂಗಡಿ, ದರ್ಜಿ, ಸಾರಾಯಿ, ಸಂತೆ, ಒಂದು ಶಾಲೆ, ಒಂದು ದವಾಖಾನೆ. ಎಲ್ಲ ಗಣಿಯೊಳಗೆ ಇಳಿಯುವ ಆ ಬಾವಿಯ ಬಾಯಿಂದಲೇ ಹುಟ್ಟಿದ್ದು. ಸುತ್ತಲಿನ ಹಳ್ಳಿಗಳಲ್ಲಿ ಮಳೆ ಕೈಕೊಟ್ಟ ವರ್ಷ ಒಲೆ ಆರುತ್ತಿತ್ತು, ಗಣಿಯೂರಿನಲ್ಲಿ ಆರುತ್ತಿರಲಿಲ್ಲ. ಅವ್ವನಿಗೆ ಬಿಳಿ ಸಾಹೇಬರ ಮೇಲೆ ಸಿಟ್ಟು ಇರಲಿಲ್ಲ. "ಅನ್ನ ಹಾಕಿದ ಕಂಪನಿ" ಎಂದೇ ಹೇಳುತ್ತಿದ್ದಳು.

ಅಲ್ಲಿ ಚಿನ್ನದ ಕಲ್ಲನ್ನು ಕುಟ್ಟುವ ಒಂದು ಮಿಲ್ಲಿತ್ತು. ದೊಡ್ಡ ದೊಡ್ಡ ಕಬ್ಬಿಣದ ಒನಕೆಗಳು ಹಗಲು ರಾತ್ರಿ ಎನ್ನದೆ ಕಲ್ಲು ಪುಡಿ ಮಾಡುತ್ತಿದ್ದವು. ಊರಿನ ಕೂಸುಗಳು ಆ ಸದ್ದಿನಲ್ಲೇ ನಿದ್ದೆ ಹೋಗುತ್ತಿದ್ದವು. ಸದ್ದು ನಿಂತರೆ ಇಡೀ ಊರು ಎದ್ದು ಕೂರುತ್ತಿತ್ತು. ಕೆಳಗೆ ಜನ ಸಿಕ್ಕಿಬಿದ್ದಾಗ ಮಿಲ್ಲು ನಿಲ್ಲಿಸುವುದು ಅಲ್ಲಿಯ ವಾಡಿಕೆ. ಬೆಂಕಿ ಬಿದ್ದ ದಿನವೂ ನಿಲ್ಲಿಸಿದರು. ನನ್ನ ಆಯಿ, ಅಂದರೆ ಅವ್ವನ ಅವ್ವ, ಮಗಳನ್ನು ಮಡಿಲಲ್ಲಿ ಹಾಕಿಕೊಂಡು ಉಳಿದ ಹೆಂಗಸರ ಜೊತೆ ಗಣಿಯ ಗೇಟಿನ ಮುಂದೆ ಕೂತಳು. ಮೂರನೆಯ ದಿನ ಮುಂಜಾನೆ ಮಿಲ್ಲು ಒಮ್ಮೆಲೇ ಶುರುವಾಯಿತು. ಆಯಿ ಎದ್ದು ನಿಂತು ಎರಡೂ ಕೈ ಮೇಲೆತ್ತಿ, "ಬಂದ್ರು, ನಮ್ಮವ್ರು ಬಂದ್ರು" ಎಂದು ಕೂಗಿದಳಂತೆ. ಉಳಿದ ಹೆಂಗಸರೂ ಸೆರಗೊಡ್ಡಿ ನಮಸ್ಕಾರ ಮಾಡಿದರಂತೆ. ಆಗಲೇ ಕಾಕಾ ಗೇಟು ದಾಟಿ ಹೊರಗೆ ಬಂದು ಬಂಡೆ ಕುಸಿದ ಸುದ್ದಿ ಹೇಳಿದ್ದು.

ಅಲ್ಲಿಂದ ಮುಂದೆ ನಮ್ಮ ಮನೆತನವನ್ನು ದಡ ಸೇರಿಸಿದವರೂ ಅವರೇ. ಆಯಿಗೆ ಕಂಪನಿಯ ದವಾಖಾನೆಯಲ್ಲಿ ಕಸಗುಡಿಸುವ ಕೆಲಸ ಕೊಡಿಸಿದರು. ಅವ್ವನನ್ನು ಶಾಲೆಗೆ ಹಾಕಿಸಿದರು. ಆ ಘಟನೆಯ ನಂತರ ಕಾಕಾ ಬಹಳ ಬೇಗ ಮೇಸ್ತ್ರಿಯಾದರು, ಮುಂದೆ ಕಂಪನಿಯ ಹೈದರಾಬಾದ್ ಕಚೇರಿಗೆ ಬಂದರು. ಅಮೀರ್‌ಪೇಟ್ ಇನ್ನೂ ಖಾಲಿ ಬಯಲಾಗಿದ್ದಾಗ ಅಲ್ಲೊಂದು ಜಾಗ ಹಿಡಿದರು. ಇವತ್ತು ಅಲ್ಲಿ ಮೂರು ಅಂತಸ್ತಿನ ಮನೆ. ಮೇಲಿನ ಎರಡು ಅಂತಸ್ತು ಕೋಚಿಂಗಿಗೆ ಬಂದ ಹುಡುಗಿಯರ ಹಾಸ್ಟೆಲ್. ಇಲ್ಲಿನ ಕೇಂದ್ರ ಸರ್ಕಾರದ ಫ್ಯಾಕ್ಟರಿಯಲ್ಲಿ ನೌಕರಿ ಇದ್ದ ನನ್ನ ಅಪ್ಪನನ್ನು ಹುಡುಕಿ ಅವ್ವನಿಗೆ ಮದುವೆ ಮಾಡಿಸಿದವರೂ ಕಾಕಾನೇ. ಅಪ್ಪ ಮೆಹದಿಪಟ್ಟಣಂನಲ್ಲಿ ಮನೆ ಕಟ್ಟುವಾಗ ಮುಂದೆ ನಿಂತು ಕಬ್ಬಿಣದ ಪೈಪು ಹಾಕಿಸಿದರು. ಅಪ್ಪ ತೀರಿಕೊಂಡಾಗ ಹೆಗಲು ಕೊಟ್ಟರು. ಇಷ್ಟೆಲ್ಲ ಮಾಡಿದ ಮನುಷ್ಯನನ್ನು ಯಾರು ತಾನೇ ಅನುಮಾನಿಸುತ್ತಾರೆ? ಹೋಳಿಗೆಯ ಮೊದಲ ತುತ್ತು ನಮ್ಮ ಮನೆಯಲ್ಲಿ ದೇವರಿಗೆ, ಎರಡನೆಯದು ಹಿರಿಯರಿಗೆ, ಮೂರನೆಯದು ಕಾಕಾನಿಗೆ.

ನಾನು ಅರ್ಥಶಾಸ್ತ್ರದ ಮೇಡಂ ಆದೆ. ಕಾಲೇಜಿನಲ್ಲಿ ಮೂವತ್ತು ವರ್ಷ ಪಾಠ ಹೇಳಿದೆ. ಬ್ರಿಟಿಷರ ಕಾಲದ ಉದ್ಯಮಗಳ ಪಾಠ ಬಂದರೆ ಸಾಕು, ಪುಸ್ತಕ ಮುಚ್ಚಿಟ್ಟು ನಮ್ಮ ಗಣಿಯ ಕಥೆ ಹೇಳುತ್ತಿದ್ದೆ. ಲಾಭವೆಲ್ಲ ಹಡಗು ಹತ್ತಿತು ನಿಜ, ಆದರೆ ಒಂದು ಬಂಜರು ಸೀಮೆಗೆ ದುಡಿಮೆ, ರಸ್ತೆ, ಶಾಲೆ ಕೊಟ್ಟದ್ದೂ ನಿಜ ಎಂದು ತಕ್ಕಡಿ ಸಮ ಮಾಡುತ್ತಿದ್ದೆ. ಹುಡುಗರಿಗೆ ಪೈಪು ಬಡಿಯುವ ಕಥೆಯೂ ಇಷ್ಟ. "ಮನುಷ್ಯ ಮನುಷ್ಯನಿಗೆ ಕೊಡುವ ಮಾತು ಅಂದರೆ ಅದು" ಎಂದು ನಾನು ಮುಗಿಸುತ್ತಿದ್ದೆ. ಈಗ ನೆನೆದರೆ ಮೈ ಉರಿಯುತ್ತದೆ.

ತೆಲಂಗಾಣ ಹೊಸ ರಾಜ್ಯವಾಗಿ ಕೆಲವು ವರ್ಷ ಕಳೆದಿದ್ದವು. ಇಲ್ಲಿಯ ನಮ್ಮ ಕನ್ನಡದವರ ಸಂಘವೊಂದು ರಾಜ್ಯೋತ್ಸವಕ್ಕೆ ಮುಂಚೆಯೇ, ಶ್ರಾವಣದಲ್ಲಿ, ಒಂದು ಕಾರ್ಯಕ್ರಮ ಇಟ್ಟುಕೊಂಡಿತು. ನಾನು ಗಣಿ ಉದ್ಯಮ ಬೆಳೆದದ್ದರ ಬಗ್ಗೆ ಮಾತಾಡಬೇಕು, ಕಾಕಾನಿಗೆ ಸನ್ಮಾನ. ಕಾಕಾನ ವಯಸ್ಸು ಆಗಲೇ ತೊಂಬತ್ತರ ಆಸುಪಾಸು. ಕಿವಿ ಸ್ವಲ್ಪ ಮಂದ, ನೆನಪು ಮಾತ್ರ ಗಟ್ಟಿ. ಸನ್ಮಾನದ ವಿಚಾರ ಕೇಳಿ ಅವ್ವ ಸಣ್ಣ ಹುಡುಗಿಯ ಹಾಗೆ ಸಂಭ್ರಮಪಟ್ಟಳು. ಸಂಘದವರ ಶಾಲು ಬೇಡ, ತಾನೇ ತರುತ್ತೇನೆ ಎಂದು ಹಟ ಹಿಡಿದು, ಮಂಡಿನೋವು ಇಟ್ಟುಕೊಂಡು ನನ್ನನ್ನು ಕೋಠಿ ಬಜಾರಿಗೆ ಎಳೆದುಕೊಂಡು ಹೋದಳು. ನಾಲ್ಕಾರು ಅಂಗಡಿ ಹತ್ತಿಳಿದು, ಅಂಗಡಿಯವರ ತಲೆ ತಿಂದು, ಕೊನೆಗೆ ಕೆನೆಬಣ್ಣದ, ಕೆಂಪು ಅಂಚಿನ ಶಾಲು ಆರಿಸಿದಳು. "ಬಾಬಾ, ಮೇರೆ ಚಾಚಾಕೆ ವಾಸ್ತೆ ಹೈ, ಅಚ್ಛಾ ದಿಖಾ" ಎಂದು ಅಂಗಡಿಯವನನ್ನು ಗದರಿದ್ದು ಇನ್ನೂ ನನ್ನ ಕಿವಿಯಲ್ಲಿದೆ.

ಕಾರ್ಯಕ್ರಮದ ದಿನ ಸಭಾಂಗಣ ಅರ್ಧ ತುಂಬಿತ್ತು. ರಿಟೈರಾದ ನೌಕರರು, ಅವರ ಹೆಂಡಂದಿರು, ಉಪ್ಪಿಟ್ಟಿನ ವಾಸನೆ. ಅವ್ವನೇ ವೇದಿಕೆ ಹತ್ತಿ ಕಾಕಾನಿಗೆ ಶಾಲು ಹೊದಿಸಿದಳು, ಕಾಲು ಮುಟ್ಟಿ ನಮಸ್ಕಾರ ಮಾಡಿ ಕೆಳಗಿಳಿದು ಮೊದಲ ಸಾಲಿನಲ್ಲಿ ಕೂತಳು. ನಾನು ನನ್ನ ಭಾಷಣ ಮಾಡಿದೆ, ಬೆಂಕಿ ಬಿದ್ದದ್ದನ್ನೂ ಹೇಳಿದೆ. ಕಾಕಾ ನಾಲ್ಕು ಮಾತು ಆಡಿದರು, ಚೆನ್ನಾಗಿಯೇ ಆಡಿದರು. ಆಮೇಲೆ ಹಿಂದಿನ ಸಾಲಿನಿಂದ ಒಬ್ಬ ನಿವೃತ್ತ ಇಂಜಿನಿಯರ್ ಎದ್ದು ಕೇಳಿದರು: "ಕೆಳಗ ಮರಕ್ಕ ಬೆಂಕಿ ಹತ್ತಿದ್ರ ಇಡೀ ಗಣಿನೇ ಹೋಗತೈತಿ ಅಂತಾರ. ನಿಮ್ಮ ಗಣಿ ಹೆಂಗ ಉಳೀತ್ರಿ?"

ನಾನು ಕಾಕಾನ ಮುಖ ನೋಡಿದೆ. ಅದು ಅರಳಿತು. ಅರವತ್ತೆಪ್ಪತ್ತು ವರ್ಷದಲ್ಲಿ ಯಾರೂ ಅವರನ್ನು ಆ ಪ್ರಶ್ನೆ ಕೇಳಿರಲಿಲ್ಲ. ನಾವು ಕೇಳುತ್ತಿದ್ದದ್ದು ಮುತ್ಯಾ ಹೇಗೆ ಸತ್ತ ಎಂದು. ಗಣಿ ಹೇಗೆ ಉಳಿಯಿತು ಎಂದು ಕೇಳಿದವನು ಈತನೇ ಮೊದಲು. ತನ್ನ ಕೈಯಿಂದಾದ ದೊಡ್ಡ ಕೆಲಸವನ್ನು ಜೀವಮಾನವೆಲ್ಲ ಬಾಯಿ ಮುಚ್ಚಿ ಇಟ್ಟುಕೊಂಡವರಿಗೆ, ತಿಳಿದವನೊಬ್ಬ ಬಾಯಿ ತುಂಬ ಕೇಳಿದರೆ ತಡೆಯುವುದು ಕಷ್ಟ. ಗಣಿಯವರ ಗತ್ತೇ ಹಾಗೆ. ಕಾಕಾ ಮೈಕು ಹತ್ತಿರ ಎಳೆದುಕೊಂಡರು.

"ಕೆಳಗ ನೀರು ಸುರದ್ರ ಬೆಂಕಿ ಆರಂಗಿಲ್ಲರಿ. ಉಸಿರು ಕಟ್ಟಿಸಬೇಕು ಅದಕ್ಕ. ಮದಲ ಗಾಳಿ ಬಂದ್. ಗಾಳಿ ಪೈಪಿನ ವಾಲ್ವು ನಾನ ಈ ಕೈಯಿಂದ ತಿರುವಿದೆ. ಆಮ್ಯಾಲ ಗ್ವಾಡಿ. ಈ ಕಡೆ ಒಂದು, ಆ ಕಡೆ ಒಂದು. ನಾನು ಆಗಿನ್ನೂ ಹುಡುಗ, ಆದ್ರ ಗೌಂಡಿ ಕೆಲಸದಾಗ ಎತ್ತಿದ ಕೈ. ಒಂದ ಪಾಳಿಯೊಳಗ ಎರಡೂ ಗ್ವಾಡಿ ಎಬ್ಬಿಸಿ, ಮಣ್ಣು ಮೆತ್ತಿ, ಒಂದು ಸಂದು ಬಿಡಲಾರದಂಗ ಮುಚ್ಚಿಬಿಟ್ಟಿವಿ. ಮೂರನೇ ದಿನಕ್ಕ ಮಿಲ್ಲು ಚಾಲೂ! ಆ ಗ್ವಾಡಿ ಗಣಿ ಮುಚ್ಚೂತನಾ ಹಂಗ ಇತ್ತು, ಒಂದು ಇಟ್ಟಂಗಿ ಅಲಗಿದ್ದಿಲ್ಲ."

ಜನ ಚಪ್ಪಾಳೆ ತಟ್ಟಿದರು. ನಾನೂ ತಟ್ಟಿದೆ, ಒಂದೆರಡು ಸಲ. ಆಮೇಲೆ ನನ್ನ ಕೈ ತಾನಾಗಿ ನಿಂತಿತು. ಕಾಕಾ ನಗುತ್ತ ಸಭೆಯ ಮೇಲೆ ಕಣ್ಣು ಹಾಯಿಸಿದರು, ಆ ಕಣ್ಣು ಮೊದಲ ಸಾಲಿನಲ್ಲಿ ಕೂತ ಅವ್ವನ ಹತ್ತಿರ ಬಂದು ನಿಂತಿತು. ಅವರ ನಗು ಹೋಯಿತು. "ನೀರು ಕೊಡ್ರಿ" ಎಂದು ಕೇಳಿ ಕುಡಿದರು. ಮೈಕನ್ನು ಪಕ್ಕಕ್ಕೆ ಸರಿಸಿದರು.

ಅವ್ವ ಉಪ್ಪಿಟ್ಟು ತಿಂದಳು. ಎಲ್ಲರ ಹತ್ತಿರ ನಾಲ್ಕು ಮಾತಾಡಿದಳು. ಆಟೋದಲ್ಲಿ ಕೂತ ಮೇಲೆ, ಫ್ಲೈಓವರಿನ ಕೆಳಗೆ ಟ್ರಾಫಿಕ್ಕಿನಲ್ಲಿ ನಿಂತಾಗ, ಮುಂದೆ ನೋಡುತ್ತ ಹೇಳಿದಳು: "ಗಾಳಿ ಬಂದ್ ಮಾಡಿದ್ರಂತ." ನಾನು ಹೂಂ ಎಂದೆ. ಆಟೋ ಹೊರಟ ಮೇಲೆ ಮತ್ತೆ, "ಒಂದ ಪಾಳಿಯೊಳಗಂತ" ಎಂದಳು.

ನನಗೆ ಬಿಡಿಸಿ ಹೇಳುವ ಅಗತ್ಯವಿರಲಿಲ್ಲ. ಮೊದಲು ಗಾಳಿ ಬಂದ್, ಆಮೇಲೆ ಒಂದೇ ಪಾಳಿಯಲ್ಲಿ ಗೋಡೆ ಎಂದರೆ ಬೆಂಕಿ ಬಿದ್ದ ಮೊದಲ ದಿನವೇ. ಅಂದರೆ ಯಾರೂ ಎರಡು ದಿನ ಅಗೆಯಲಿಲ್ಲ. ಯಾವ ಬಂಡೆಯೂ ಕುಸಿಯಲಿಲ್ಲ. ಆಯಿ ಗೇಟಿನ ಮುಂದೆ ಮಗಳನ್ನು ಮಡಿಲಲ್ಲಿಟ್ಟುಕೊಂಡು ಕಾಯುತ್ತಿದ್ದಾಗ ಕೆಳಗೆ ಗೋಡೆ ಆಗಲೇ ಒಣಗುತ್ತಿತ್ತು, ಮುತ್ಯಾ ಅದರ ಆಚೆ ಇದ್ದ. ಅವಳು ಕೈಯೆತ್ತಿ ದೇವರಿಗೆ ಧನ್ಯವಾದ ಹೇಳಿದ ಆ ಮಿಲ್ಲಿನ ಸದ್ದು ಅವಳ ಗಂಡನನ್ನು ಹೂತಾಯಿತು ಎಂಬ ಸದ್ದು. ಈ ಮನುಷ್ಯ ಅದನ್ನೆಲ್ಲ ಬಲ್ಲವನಾಗಿ ಗೇಟು ದಾಟಿ ಬಂದು ಅವಳ ಮುಂದೆ ನಿಂತು ಕಥೆ ಕಟ್ಟಿದ. ಅರವತ್ತೆಪ್ಪತ್ತು ವರ್ಷ ನಮ್ಮ ಕಿವಿಗೆ ಹೂ ಇಟ್ಟ. ನಮ್ಮ ಹೋಳಿಗೆ ತಿಂದ. ನನಗೆ ಆ ರಾತ್ರಿ ಕಾಕಾನನ್ನು ಬಹುವಚನದಲ್ಲಿ ನೆನೆಯಲೂ ಮನಸ್ಸು ಬರಲಿಲ್ಲ.

ಸಿಟ್ಟು ಕಾಕಾನ ಮೇಲೆ ಮಾತ್ರವಲ್ಲ. ನನ್ನ ಪಾಠದ ಮೇಲೂ ಬಂತು. ಮೂವತ್ತು ವರ್ಷ ನಾನು ತಕ್ಕಡಿಯಲ್ಲಿ ಇಟ್ಟ ಶಾಲೆ, ದವಾಖಾನೆ, ಸಂತೆ ಎಲ್ಲದರ ಅಡಿಗೆ ಒಂದು ಗೋಡೆ ಇದ್ದದ್ದನ್ನು ಯಾರೂ ನನಗೆ ಹೇಳಿರಲಿಲ್ಲ. ನಾನು ಓದಿದ ಯಾವ ಪುಸ್ತಕದಲ್ಲೂ ಉತ್ಪಾದನೆ ಮೂರನೇ ದಿನಕ್ಕೆ ಹೇಗೆ ಮತ್ತೆ ಶುರುವಾಯಿತು ಎಂದು ಬರೆದಿರಲಿಲ್ಲ. ಅವ್ವನ ಶಾಲೆ, ಅವ್ವನ ಮದುವೆ, ಈ ಮನೆ, ಎಲ್ಲ ಕಾಕಾನ ಉಪಕಾರ ಎಂದುಕೊಂಡಿದ್ದೆವು. ಅದು ಬಾಯಿ ಮುಚ್ಚಿಸಲು ಕೊಟ್ಟದ್ದೋ, ಪಾಪ ತೊಳೆಯಲು ಕೊಟ್ಟದ್ದೋ, ಪ್ರೀತಿಯಿಂದಲೇ ಕೊಟ್ಟದ್ದೋ, ಇವತ್ತಿಗೂ ನನಗೆ ಬಗೆಹರಿದಿಲ್ಲ.

ಅಮಾವಾಸ್ಯೆ ಬರಲು ಕೆಲವು ವಾರಗಳಿದ್ದವು. ಅಷ್ಟು ದಿನವೂ ಅವ್ವ ಕಾಕಾನ ಹೆಸರೆತ್ತಲಿಲ್ಲ. ಪ್ರತಿ ವರ್ಷ ಫೋನು ಮಾಡಿ ಕರೆಯುತ್ತಿದ್ದಳು, ಈ ಸಲ ಮಾಡಲಿಲ್ಲ. ಇನ್ನು ಬರುವುದಿಲ್ಲ ಬಿಡು ಎಂದು ನಾನು ನೆಮ್ಮದಿಯಾಗಿದ್ದೆ. ಆದರೆ ಅಮಾವಾಸ್ಯೆಯ ದಿನ ಹತ್ತು ಗಂಟೆಯ ಹೊತ್ತಿಗೆ ಮನೆ ಮುಂದೆ ಆಟೋ ನಿಂತಿತು. ಕಾಕಾ ಒಬ್ಬರೇ ಇಳಿದರು. ಒಂದು ಕೈಯಲ್ಲಿ ಬಾಳೆಹಣ್ಣು, ಇನ್ನೊಂದು ಕೈಯಲ್ಲಿ ಪ್ಲಾಸ್ಟಿಕ್ ಚೀಲ. ಚೀಲದಲ್ಲಿ ಮಡಿಸಿಟ್ಟ ಆ ಕೆನೆಬಣ್ಣದ ಶಾಲು. ಅದನ್ನು ಅವ್ವನ ಮಂಚದ ಮೇಲೆ ಇಟ್ಟರು.

"ಒಯ್ರಿ ಅದನ್ನ. ಚಳಿಗಾಲ ಬರ್ತೈತಿ" ಎಂದಳು ಅವ್ವ.

ಅವಳು ಒಲೆಯ ಮುಂದೆ ಹೋಳಿಗೆ ಬೇಯಿಸುತ್ತಿದ್ದಳು. ಕಾಕಾ ಅಡಿಗೆಮನೆಯ ಬಾಗಿಲಲ್ಲಿ ಕುರ್ಚಿ ಹಾಕಿಸಿಕೊಂಡು ಕೂತರು. ನಾನು ಅಲ್ಲಿಂದ ಕದಲಲಿಲ್ಲ. ಅವ್ವ ಹಂಚಿನ ಮೇಲಿಂದ ಕಣ್ಣು ತೆಗೆಯದೆ ಕೇಳಿದಳು:

"ಕಾಕಾ, ಅಪ್ಪ ಪೈಪು ಬಡಿದದ್ದು ಖರೇನೋ, ಅದೂ ಸುಳ್ಳೋ?"

"ಖರೆ ಮಗಳ. ದೇವರಾಣಿ ಖರೆ."

"ನೀವು ತಿರುಗಿ ಬಡಿದದ್ದು?"

"ಅದೂ ಖರೆ."

"ಗ್ವಾಡಿ ಕಟ್ಟೂಕಿಂತ ಮದಲೋ, ಕಟ್ಟಿದ ಮ್ಯಾಲೋ?"

ಹೋಳಿಗೆ ಉಬ್ಬಿತು, ಅವ್ವ ತಿರುವಿ ಹಾಕಿದಳು.

"ಕಟ್ಟೂವಾಗ" ಎಂದರು ಕಾಕಾ. "ಗ್ವಾಡಿ ಎದೀಮಟ ಬಂದಿತ್ತು. ಪೈಪು ಗ್ವಾಡಿ ನಡಬರಕ ಹಾಯ್ದು ಹೋಗಿತ್ತು. ಅದರಾಗ ಸಪ್ಪಳ ಬಂತು. ಗೌಂಡ್ಯಾರು ಕರಣಿ ಒಗದು ನಿಂತ್ರು. ಜೀವ ಅದಾವ, ನಾವು ಕಟ್ಟಂಗಿಲ್ಲ ಅಂದ್ರು. ಸಾಹೇಬ ನನ್ನ ಮಾರಿ ನೋಡಿದ. ನಾ ಪೈಪು ಬಡಿದೆ. ನೋಡ್ರಿ, ಹಿಂದಿನ ಬಾವಿಲಿಂದ ಮಂದಿ ಇಳದಾರ, ಒಳಗಿನವ್ರಿಗೆ ಅದನ್ನ ಬಡದು ಹೇಳೀನಿ, ನೀವು ನಿಮ್ಮ ಕೆಲಸ ಮಾಡ್ರಿ ಅಂದೆ. ಗೌಂಡ್ಯಾರು ನಂಬಿದ್ರು. ಮತ್ತ ಕರಣಿ ಹಿಡದ್ರು."

"ಮಂದಿ ಇಳದಿದ್ರೇನು?"

"ಇಲ್ಲವ್ವ."

ಆ ಬಡಿತ ಮುತ್ಯಾನ ಧೈರ್ಯಕ್ಕೂ ಆಗಿರಲಿಲ್ಲ. ಗೋಡೆ ಕಟ್ಟುವ ಗೌಂಡಿಗಳ ಕೈ ನಿಲ್ಲಬಾರದೆಂದು ಬಡಿದದ್ದು. ನಮ್ಮ ಮನೆಯ ದೊಡ್ಡ ಸಮಾಧಾನ, ನಾನು ಕ್ಲಾಸಿನಲ್ಲಿ ಹೇಳುತ್ತಿದ್ದ ಮನುಷ್ಯನ ಮಾತು, ಕೆಲಸ ಮುಗಿಸಿಕೊಳ್ಳುವ ಒಂದು ಉಪಾಯ. "ನಿಮಗ ನಾಚಿಕಿ ಬರಲಿಲ್ಲೇನು? ಪ್ರತಿ ವರ್ಷ ಬಂದು ಅದನ್ನ ಬಡಿದ್ರಲ್ಲ!" ಎಂದು ಕೂಗಿಬಿಟ್ಟೆ. ಹಾಗೆ ಅವರ ಮೇಲೆ ದನಿಯೇರಿಸಿದ್ದು ಅದೇ ಮೊದಲು.

ಕಾಕಾ ನನ್ನ ಕಡೆ ನೋಡಲಿಲ್ಲ. ಅವ್ವನಿಗೇ ಹೇಳಿದರು: "ಬೆಂಕಿ ದೊಡ್ಡ ಬಾವಿಗೆ ಹತ್ತಿದ್ರ ಗಣಿ ಸುಟ್ಟು ಹೋಗ್ತಿತ್ತು ಮಗಳ. ಕಂಪನಿ ಗಂಟು ಕಟ್ತಿತ್ತು. ಅಷ್ಟು ಸಾವಿರ ಮಂದಿ ಏನು ತಿಂತಿದ್ರು? ಊರು ಉಳೀತು. ನೀನೂ ಉಳದಿ."

ಅದು ಸುಳ್ಳಲ್ಲ, ಅದೇ ನನ್ನ ಸಿಟ್ಟು ಹೆಚ್ಚಿಸಿದ್ದು. ಲೆಕ್ಕ ಹಾಕಿದರೆ ಕಾಕಾ ಹೇಳಿದ್ದೇ ಸರಿ ಬರುತ್ತದೆ. ನಾನು ಕ್ಲಾಸಿನಲ್ಲಿ ಹೇಳಿದ್ದೂ ಅದನ್ನೇ.

ಅವ್ವ ಒಲೆ ಆರಿಸಿದಳು. ಕೊನೆಯ ಹೋಳಿಗೆಯನ್ನು ತಟ್ಟೆಗೆ ಹಾಕಿ ತುಪ್ಪ ಸವರಿದಳು. ಆಮೇಲೆ ಕೇಳಿದಳು:

"ಎಷ್ಟೊತ್ತು ಬಡದ ಅಪ್ಪ?"

"ಗೊತ್ತಿಲ್ಲ ಮಗಳ" ಎಂದರು ಕಾಕಾ. "ಪಾಳಿ ಮುಗೀತು. ನಾ ಮ್ಯಾಲ ಬಂದೆ."

ಅವ್ವ ಅಳಲಿಲ್ಲ. ಸೆರಗಿನಿಂದ ಕೈ ಒರೆಸಿಕೊಂಡು ಎದ್ದಳು. ಪ್ರತಿ ವರ್ಷದ ಹಾಗೆಯೇ ಎಲೆ ಹಾಕಿ ಎಡೆ ಬಡಿಸಿದಳು, ನೀರು ಸುತ್ತಿದಳು, ಕೈಮುಗಿದಳು. ಕಲ್ಲುಗುಂಡು ತೊಳೆದು ಕೈಗೆ ತೆಗೆದುಕೊಂಡಳು. ಅಷ್ಟು ನೋಡಿದ್ದೇ ತಡ, ಕಾಕಾ ಕುರ್ಚಿಯಿಂದ ಎದ್ದರು. ಅವರು ಯೋಚನೆ ಮಾಡಿ ಎದ್ದಂತೆ ನನಗೆ ಕಾಣಲಿಲ್ಲ. ಇಷ್ಟು ವರ್ಷಗಳ ರೂಢಿ ಅವರ ಕಾಲುಗಳನ್ನು ಒಯ್ಯಿತು. ಗೋಡೆ ಹಿಡಿದುಕೊಂಡು ಬಚ್ಚಲಿಗೆ ಹೋದರು, ಜೇಬಿನಿಂದ ಬೀಗದ ಕೈ ತೆಗೆದರು. ನಾನು ನಡುವಿನ ಪಡಸಾಲೆಯಲ್ಲಿ ನಿಂತಿದ್ದೆ. ಈಚೆ ಅವ್ವ, ಆಚೆ ಕಾಕಾ, ಇಬ್ಬರೂ ಕಾಣುತ್ತಿದ್ದರು.

ಅವ್ವ ಪೈಪಿನ ಮೇಲೆ ಮೂರು ಸಲ ಬಡಿದಳು. ಯಾವತ್ತಿನಂತೆ ಜೋರಾಗಿಯೇ ಬಡಿದಳು. ಕಾಕಾ ಕೈ ಎತ್ತಿದರು. ಆಗ ಅಡಿಗೆಮನೆಯಿಂದ ಅವ್ವ ಕೂಗಿ ಹೇಳಿದಳು:

"ಕಾಕಾ, ಬರಾವ್ರಿದ್ರಷ್ಟ ಬಡೀರಿ."

ಮಂದ ಕಿವಿಯ ಕಾಕಾನಿಗೆ ಅದು ಕೇಳಿಸಿತು. ಎತ್ತಿದ ಕೈ ಎತ್ತಿದಂತೆಯೇ ಸ್ವಲ್ಪ ಹೊತ್ತು ನಿಂತಿತ್ತು. ಆಮೇಲೆ ಅವರು ಮೆಲ್ಲಗೆ ಕೈ ಇಳಿಸಿ ಬೀಗದ ಕೈಯನ್ನು ಜೇಬಿಗೆ ಹಾಕಿಕೊಂಡರು. ಅವ್ವ ಕಲ್ಲುಗುಂಡು ಹಿಡಿದು, ಪೈಪಿಗೆ ಕಿವಿಗೊಟ್ಟು, ಎಂದಿನಷ್ಟೇ ಹೊತ್ತು ಕಾದಳು. ಉತ್ತರ ಬರಲಿಲ್ಲ. ಅಷ್ಟು ವರ್ಷಗಳಲ್ಲಿ ಅವತ್ತೊಂದು ದಿನ ನನ್ನ ಮುತ್ಯಾನಿಗೆ ಯಾರೂ ಸುಳ್ಳು ಹೇಳಲಿಲ್ಲ.